ಲಾಭದ ನಡುವೆ ಸೋತ ಎಲ್ವಿಸ್, ಮತ್ತೆ ಗೆದ್ದ ಬಗೆ

ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೆಸ್ಲಿ (1935–1977) ಹಾಡಿದ್ದು ಒಟ್ಟು ಇಪ್ಪತ್ತಮೂರು ವರ್ಷ. ಮೊದಲ ನಾಲ್ಕು ವರ್ಷ ಆತ ಒಂದು ಹೊಸ ಸಂಗೀತಕ್ಕೆ ಮುಖವಾಗಿದ್ದ. ನಡುವಿನ ಏಳು ವರ್ಷ, ಅಂದರೆ 1961ರಿಂದ 1968ರವರೆಗೆ, ಒಂದು ಕಚೇರಿಯನ್ನೂ ಕೊಡದೆ ಹಾಲಿವುಡ್‌ನ ಹಗುರ ಸಿನಿಮಾಗಳಲ್ಲಿ ಕಳೆದ. ಆಮೇಲೆ 1968ರ ಜೂನ್‌ನಿಂದ 1969ರ ಕೊನೆಯೊಳಗೆ ಒಂದು ಟಿ.ವಿ. ಕಾರ್ಯಕ್ರಮ, ಒಂದು ಆಲ್ಬಂ, ಒಂದು ಹೋಟೆಲ್ ವೇದಿಕೆ ಇಷ್ಟರ ಬಲದಲ್ಲಿ ಮತ್ತೆ ಮುಂಚೂಣಿಗೆ ಬಂದ. ಜನಪ್ರಿಯ ಸಂಗೀತದಲ್ಲಿ ಬಿದ್ದು ಎದ್ದವರ ಮಾತು ಬಂದಾಗಲೆಲ್ಲ ಮೊದಲು ಹೇಳುವ ಹೆಸರು ಈತನದೇ.

ಈ ಇಳಿತಕ್ಕೆ ಒಂದು ವಿಶೇಷವಿದೆ. ಆ ಏಳು ವರ್ಷಗಳಲ್ಲಿ ಎಲ್ವಿಸ್‌ನ ಕಂಠ ಕೆಟ್ಟಿರಲಿಲ್ಲ, ಆದಾಯಕ್ಕೂ ಬರ ಬಂದಿರಲಿಲ್ಲ. ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ನಟರಲ್ಲಿ ಆತನೂ ಒಬ್ಬ. ಹಣ ಬರುತ್ತಲೇ ಇದ್ದುದರಿಂದ ಹಾಡುಗಾರನ ಬೆಲೆ ಇಳಿಯುತ್ತಿರುವುದು ಆತನ ವ್ಯವಹಾರ ನೋಡಿಕೊಳ್ಳುತ್ತಿದ್ದವರಿಗೆ ಸಮಸ್ಯೆಯಾಗಿ ಕಾಣಲಿಲ್ಲ. ಯಾವ ಹಾಡು ಹಾಡಬೇಕು, ಯಾರೆದುರು ಹಾಡಬೇಕು ಎಂಬ ತೀರ್ಮಾನ ಗಾಯಕನ ಕೈ ತಪ್ಪಿದಾಗ ಇಳಿತ ಶುರುವಾಯಿತು. ಅದು ಕೆಲಕಾಲ ಆತನ ಕೈಗೆ ಮರಳಿದಾಗ ಏರಿಕೆ ಬಂತು.

ಮೆಂಫಿಸ್‌ನಿಂದ ಸೈನ್ಯಕ್ಕೆ

ಎಲ್ವಿಸ್ ಹುಟ್ಟಿದ್ದು 1935ರ ಜನವರಿ 8ರಂದು, ಮಿಸಿಸಿಪಿ ರಾಜ್ಯದ ಟುಪೆಲೊ ಎಂಬ ಊರಿನ ಬಡ ಕುಟುಂಬದಲ್ಲಿ. 1948ರಲ್ಲಿ ಕುಟುಂಬ ಟೆನೆಸಿಯ ಮೆಂಫಿಸ್‌ಗೆ ಬಂತು. ಚರ್ಚಿನ ಭಕ್ತಿಗೀತೆ, ಕಪ್ಪು ಜನರ ಬ್ಲೂಸ್, ಬಿಳಿಯರ ಹಳ್ಳಿಗಾಡಿನ ಕಂಟ್ರಿ ಸಂಗೀತ ಮೂರೂ ಆ ಊರಿನ ಗಾಳಿಯಲ್ಲೇ ಇದ್ದವು. 1954ರ ಜುಲೈನಲ್ಲಿ ಸ್ಯಾಮ್ ಫಿಲಿಪ್ಸ್‌ನ ಪುಟ್ಟ ಸಂಸ್ಥೆ ‘ಸನ್ ರೆಕಾರ್ಡ್ಸ್’ನಲ್ಲಿ, ಗಿಟಾರ್‌ನ ಸ್ಕಾಟಿ ಮೂರ್ ಮತ್ತು ಬಾಸ್‌ನ ಬಿಲ್ ಬ್ಲ್ಯಾಕ್ ಜೊತೆ ಎಲ್ವಿಸ್ ಹಾಡಿದ ‘ದಟ್ಸ್ ಆಲ್ ರೈಟ್’ನಲ್ಲಿ ಈ ಮೂರೂ ಬೆರೆತಿದ್ದವು. ಅದು ಆರ್ಥರ್ ಕ್ರುಡಪ್ ಎಂಬ ಕಪ್ಪು ಗಾಯಕನ ಬ್ಲೂಸ್ ಹಾಡು.

1955ರ ನವೆಂಬರ್‌ನಲ್ಲಿ ಸನ್ ಜೊತೆಗಿನ ಕರಾರನ್ನು ಆರ್‌ಸಿಎ ಕಂಪನಿ 35,000 ಡಾಲರ್‌ಗೆ ಕೊಂಡಿತು. ಇದನ್ನು ಕುದುರಿಸಿದವನು ಮ್ಯಾನೇಜರ್ ‘ಕರ್ನಲ್’ ಟಾಮ್ ಪಾರ್ಕರ್. ಸಂತೆ–ಜಾತ್ರೆಗಳ ಮನರಂಜನೆ ವ್ಯಾಪಾರದಲ್ಲಿ ಪಳಗಿದ್ದ ಈತನ ಮೂಲ ಹೆಸರು ಆಂಡ್ರಿಯಾಸ್ ಫಾನ್ ಕೌಕ್. ನೆದರ್ಲೆಂಡ್ಸ್‌ನ ಬ್ರೆಡಾದಲ್ಲಿ ಹುಟ್ಟಿ, ಕಾಗದಪತ್ರಗಳಿಲ್ಲದೆ ಅಮೆರಿಕ ಸೇರಿದವನು. ಆ ಗುಟ್ಟು ಬಹುಕಾಲ ಹೊರಬೀಳಲಿಲ್ಲ.

1956ರಲ್ಲಿ ‘ಹಾರ್ಟ್‌ಬ್ರೇಕ್ ಹೋಟೆಲ್’ ದೇಶದ ಮೊದಲ ಸ್ಥಾನಕ್ಕೇರಿತು. ಸೆಪ್ಟೆಂಬರ್ 9ರಂದು ಎಡ್ ಸಲಿವನ್ ಟಿ.ವಿ. ಕಾರ್ಯಕ್ರಮದಲ್ಲಿ ಎಲ್ವಿಸ್‌ನನ್ನು ಸುಮಾರು 6 ಕೋಟಿ ಜನ ನೋಡಿದರು. ಹಾಡುವಾಗ ಸೊಂಟ ಕುಣಿಸುವುದನ್ನು ಪಾದ್ರಿಗಳೂ ಪತ್ರಿಕೆಗಳೂ ಖಂಡಿಸಿದಷ್ಟೂ ಹದಿಹರೆಯದವರಲ್ಲಿ ಹುಚ್ಚು ಏರಿತು. ಸಿನಿಮಾಗಳೂ ಬಂದವು. 1958ರ ‘ಕಿಂಗ್ ಕ್ರಿಯೋಲ್’ ಹೊತ್ತಿಗೆ ಆತ ನಟನಾಗಿಯೂ ಗಂಭೀರವಾಗಿ ಬೆಳೆಯಬಲ್ಲ ಎಂಬ ಸೂಚನೆ ಕಂಡಿತ್ತು.

1958ರ ಮಾರ್ಚ್ 24ರಂದು ಕಡ್ಡಾಯ ಸೇವೆಗಾಗಿ ಎಲ್ವಿಸ್ ಸೈನ್ಯ ಸೇರಿದ. ಅದೇ ಆಗಸ್ಟ್‌ನಲ್ಲಿ ತಾಯಿ ಗ್ಲ್ಯಾಡಿಸ್ ತೀರಿಕೊಂಡಳು. ಮಗನಿಗೆ ಅದು ಚೇತರಿಸಿಕೊಳ್ಳಲಾಗದ ಪೆಟ್ಟು. ಮುಂದಿನ ದಿನಗಳು ಜರ್ಮನಿಯ ಫ್ರೀಡ್‌ಬರ್ಗ್ ಶಿಬಿರದಲ್ಲಿ ಕಳೆದವು. ಮೊದಲೇ ಮುದ್ರಿಸಿಟ್ಟಿದ್ದ ಹಾಡುಗಳನ್ನು ಒಂದೊಂದಾಗಿ ಬಿಡುತ್ತ ಆರ್‌ಸಿಎ ಹೆಸರನ್ನು ಜೀವಂತ ಇಟ್ಟಿತು.

ಆ ಎರಡು ವರ್ಷಗಳಲ್ಲಿ ರಾಕ್ ಅಂಡ್ ರೋಲ್‌ನ ಮೊದಲ ತಲೆಮಾರೇ ಚದುರಿಹೋಯಿತು. ಲಿಟಲ್ ರಿಚರ್ಡ್ 1957ರಲ್ಲೇ ಹಾಡು ಬಿಟ್ಟು ಧರ್ಮಪ್ರಚಾರದ ಕಡೆ ತಿರುಗಿದ್ದ. ಎಳೆಯ ಸೋದರ ಸಂಬಂಧಿಯನ್ನು ಮದುವೆಯಾದ ವಿಚಾರ ಹೊರಬಿದ್ದು 1958ರಲ್ಲಿ ಜೆರಿ ಲೀ ಲೂಯಿಸ್‌ನ ಹೆಸರು ಕೆಟ್ಟಿತು. 1959ರ ಫೆಬ್ರುವರಿಯಲ್ಲಿ ಬಡಿ ಹಾಲಿ ವಿಮಾನ ಅಪಘಾತದಲ್ಲಿ ಸತ್ತ. ಚಕ್ ಬೆರಿ ಮೊಕದ್ದಮೆಗೆ ಸಿಕ್ಕಿ ಮುಂದೆ ಜೈಲು ಸೇರಿದ. ಆ ಜಾಗವನ್ನು ನಯವಾಗಿ ಹಾಡುವ, ಮನೆಮಂದಿಗೆಲ್ಲ ಒಪ್ಪಿಗೆಯಾಗುವ ಹುಡುಗರು ತುಂಬಿದರು.

ಮರಳಿ ಬಂದವನು ಹಿಡಿದ ದಾರಿ

1960ರ ಮಾರ್ಚ್‌ನಲ್ಲಿ ಸೈನ್ಯದಿಂದ ಬಿಡುಗಡೆಯಾದಾಗ ಎಲ್ವಿಸ್‌ನ ಕಂಠ ಮೊದಲಿಗಿಂತ ವಿಸ್ತಾರವಾಗಿತ್ತು. ಏಪ್ರಿಲ್‌ನಲ್ಲಿ ಬಂದ ‘ಎಲ್ವಿಸ್ ಈಸ್ ಬ್ಯಾಕ್!’ ಆಲ್ಬಂನಲ್ಲಿ ಬ್ಲೂಸ್ ಇತ್ತು, ಪ್ರೇಮಗೀತೆಯೂ ಇತ್ತು. ಇಟಲಿಯ ನೇಪಲ್ಸ್‌ನ ಪ್ರಸಿದ್ಧ ಗೀತೆಯೊಂದರ ಧಾಟಿಗೆ ಕಟ್ಟಿದ ‘ಇಟ್ಸ್ ನೌ ಆರ್ ನೆವರ್’ ಹಿರಿಯರನ್ನೂ ಸೆಳೆಯಿತು. ಫ್ರಾಂಕ್ ಸಿನಾತ್ರಾನ ಟಿ.ವಿ. ಕಾರ್ಯಕ್ರಮದಲ್ಲಿ ಟಕ್ಸಿಡೊ ತೊಟ್ಟು ಕಾಣಿಸಿಕೊಂಡದ್ದಕ್ಕೆ 1,25,000 ಡಾಲರ್ ಸಂದಾಯವಾಯಿತು. ಹದಿಹರೆಯದವರ ಹೀರೊವನ್ನು ಎಲ್ಲ ವಯಸ್ಸಿನವರ ಮನರಂಜಕನಾಗಿ ಮಾಡುವ ಪಾರ್ಕರ್‌ನ ಯೋಜನೆ ಇಲ್ಲಿ ಸ್ಪಷ್ಟವಾಗಿತ್ತು.

ದಾರಿಯನ್ನು ನಿರ್ಧರಿಸಿದ್ದು ಮಾತ್ರ ನಾಲ್ಕು ಸಿನಿಮಾಗಳ ಗಳಿಕೆ. ಹಾಡು ತುಂಬಿದ ‘ಜಿ.ಐ. ಬ್ಲೂಸ್’ (1960) ಭರ್ಜರಿಯಾಗಿ ಓಡಿತು. ಹಾಡು ಕಡಿಮೆ, ನಟನೆ ಹೆಚ್ಚು ಇದ್ದ ‘ಫ್ಲೇಮಿಂಗ್ ಸ್ಟಾರ್’ (1960) ಮತ್ತು ‘ವೈಲ್ಡ್ ಇನ್ ದ ಕಂಟ್ರಿ’ (1961) ಅಷ್ಟು ಗಳಿಸಲಿಲ್ಲ. 1961ರ ನವೆಂಬರ್‌ನಲ್ಲಿ ಬಂದ ‘ಬ್ಲೂ ಹವಾಯಿ’ ಲೆಕ್ಕವನ್ನು ಮುಗಿಸಿತು. ಕಡಲತೀರ, ಸುಂದರಿಯರು, ಒಂದು ಡಜನ್‌ಗೂ ಹೆಚ್ಚು ಹಾಡು. ಅದರ ಆಲ್ಬಂ 20 ವಾರ ದೇಶದ ಮೊದಲ ಸ್ಥಾನದಲ್ಲಿತ್ತು. ಜನಕ್ಕೆ ಬೇಕಾದದ್ದು ಇದೇ ಎಂದು ನಿರ್ಮಾಪಕ ಹಾಲ್ ವ್ಯಾಲಿಸ್‌ನೂ ಪಾರ್ಕರ್‌ನೂ ತೀರ್ಮಾನಿಸಿದರು.

ಅದೇ ವರ್ಷದ ಮಾರ್ಚ್ 25ರಂದು ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ, ಮುಳುಗಿದ ‘ಅರಿಜೋನಾ’ ಯುದ್ಧನೌಕೆಯ ಸ್ಮಾರಕಕ್ಕಾಗಿ ಎಲ್ವಿಸ್ ಸಹಾಯಾರ್ಥ ಕಚೇರಿ ನಡೆಸಿದ. 50,000 ಡಾಲರ್‌ಗೂ ಹೆಚ್ಚು ನಿಧಿ ಕೂಡಿತು. ಅದಾದ ಮೇಲೆ 1968ರವರೆಗೆ ಆತ ಸಭಿಕರ ಎದುರು ಹಾಡಲಿಲ್ಲ.

ಸಿನಿಮಾದ ಗಾಣ

1960ರಿಂದ 1969ರವರೆಗೆ ಎಲ್ವಿಸ್ 27 ಕಥಾಚಿತ್ರಗಳಲ್ಲಿ ನಟಿಸಿದ. ವರ್ಷಕ್ಕೆ ಹೆಚ್ಚುಕಡಿಮೆ ಮೂರು. ನಾಯಕನ ಕಸುಬು ಬದಲಾಗುತ್ತಿತ್ತು: ಒಮ್ಮೆ ರೇಸ್ ಕಾರಿನ ಚಾಲಕ, ಇನ್ನೊಮ್ಮೆ ದೋಣಿಯವನು, ಮತ್ತೊಮ್ಮೆ ವಿಮಾನದ ಪೈಲಟ್. ಉಳಿದದ್ದೆಲ್ಲ ಅದೇ. ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತು. ಸಿನಿಮಾ ಆಲ್ಬಂಗೆ ಜಾಹೀರಾತಾಗುತ್ತಿತ್ತು, ಆಲ್ಬಂ ಸಿನಿಮಾಕ್ಕೆ ಜಾಹೀರಾತಾಗುತ್ತಿತ್ತು. ಊರೂರು ತಿರುಗುವ ಖರ್ಚಿಲ್ಲದೆ ಎರಡೂ ಕಡೆಯಿಂದ ಹಣ ಬರುವಾಗ ಕಚೇರಿ ಯಾಕೆ ಎಂಬುದು ಪಾರ್ಕರ್‌ನ ಲೆಕ್ಕ.

1964ರ ‘ವಿವಾ ಲಾಸ್ ವೇಗಸ್’ ಈ ಸಾಲಿನಲ್ಲಿ ಎದ್ದು ಕಾಣುತ್ತದೆ. ನಾಯಕಿ ಆನ್–ಮಾರ್ಗರೆಟ್ ಹಾಡು–ಕುಣಿತ ಎರಡರಲ್ಲೂ ಎಲ್ವಿಸ್‌ಗೆ ಸರಿಸಮಾನಳಾಗಿದ್ದಳು. ಸಿನಿಮಾ ಚೆನ್ನಾಗಿಯೇ ಗಳಿಸಿತು. ಆದರೆ ಖರ್ಚು ಮೀರಿದ್ದು ಪಾರ್ಕರ್‌ಗೆ ಹಿಡಿಸಲಿಲ್ಲ. ಅಗ್ಗದ ಚಿತ್ರಗಳನ್ನು ಅವಸರದಲ್ಲಿ ಮುಗಿಸುವುದಕ್ಕೆ ಹೆಸರಾದ ನಿರ್ಮಾಪಕ ಸ್ಯಾಮ್ ಕಾಟ್ಸ್‌ಮನ್‌ನನ್ನು ಆತ ಕರೆತಂದ. ‘ಕಿಸಿನ್ ಕಸಿನ್ಸ್’ ಮತ್ತು ‘ಹೇರಮ್ ಸ್ಕೇರಮ್’ ಚಿತ್ರಗಳ ಚಿತ್ರೀಕರಣ ಮೂರು ವಾರದೊಳಗೆ ಮುಗಿಯಿತು. 1965ರ ‘ಟಿಕಲ್ ಮಿ’ ಚಿತ್ರಕ್ಕೆ ಹೊಸ ಹಾಡುಗಳನ್ನೇ ಮಾಡಲಿಲ್ಲ; ಮೊದಲೇ ಮುದ್ರಿಸಿದ್ದ ಹಾಡುಗಳನ್ನೇ ಬಳಸಿಕೊಂಡರು.

ಹಾಡುಗಳ ಗುಣಮಟ್ಟ ಕುಸಿಯುವುದಕ್ಕೆ ಇನ್ನೂ ಆಳದ ಕಾರಣವೊಂದಿತ್ತು. ಹಿಲ್ ಅಂಡ್ ರೇಂಜ್ ಎಂಬ ಪ್ರಕಾಶನ ಸಂಸ್ಥೆಯ ಜೊತೆ ಎಲ್ವಿಸ್‌ನ ಹೆಸರಿನಲ್ಲಿ ಹಾಡಿನ ಹಕ್ಕಿನ ಕಂಪನಿಗಳಿದ್ದವು. ಎಲ್ವಿಸ್ ತನ್ನ ಹಾಡನ್ನು ಹಾಡಬೇಕೆಂದು ಬಯಸುವ ರಚನಕಾರ ಆ ಹಾಡಿನ ಹಕ್ಕನ್ನು ಈ ಕಂಪನಿಗಳಿಗೆ ಕೊಡಬೇಕಿತ್ತು, ತನ್ನ ರಾಯಲ್ಟಿಯಲ್ಲೂ ಪಾಲು ಬಿಡಬೇಕಿತ್ತು. 1956ರಲ್ಲಿ ಯಾರಿಗೂ ಇದು ಭಾರವೆನಿಸಲಿಲ್ಲ, ಏಕೆಂದರೆ ಎಲ್ವಿಸ್ ಹಾಡಿದರೆ ಲಕ್ಷಗಟ್ಟಲೆ ಮಾರಾಟ ಖಚಿತ. 1964ರ ಹೊತ್ತಿಗೆ ಒಳ್ಳೆಯ ರಚನಕಾರರಿಗೆ ಬೇರೆ ಗಿರಾಕಿಗಳಿದ್ದರು. ಎಷ್ಟೋ ಗಾಯಕರು ತಾವೇ ಬರೆದು ಹಾಡತೊಡಗಿದ್ದರು. ‘ಜೈಲ್‌ಹೌಸ್ ರಾಕ್’ ಕೊಟ್ಟ ಲೀಬರ್–ಸ್ಟಾಲರ್ ಜೋಡಿ ಮೊದಲೇ ದೂರ ಸರಿದಿತ್ತು. ಈ ಷರತ್ತಿಗೆ ಒಪ್ಪುವವರ ಹಾಡಷ್ಟೇ ಎಲ್ವಿಸ್‌ನ ಮುಂದೆ ಬರುತ್ತಿತ್ತು. ಹೀಗಾಗಿ ಮಗ್ಗುಲಲ್ಲೇ ಒಳ್ಳೆಯ ಹಾಡುಗಳು ಹುಟ್ಟುತ್ತಿದ್ದಾಗ ಆತ ಸೀಗಡಿ, ಚಿಪ್ಪುಮೀನುಗಳ ಮೇಲೆ ಕಟ್ಟಿದ ತಮಾಷೆ ಹಾಡು ಹಾಡುತ್ತಿದ್ದ.

ಚೆನ್ನಾದ ಕೆಲಸವೂ ಮೂಲೆ ಸೇರುತ್ತಿತ್ತು. 1963ರಲ್ಲಿ ನ್ಯಾಶ್‌ವಿಲ್‌ನಲ್ಲಿ ಸಿನಿಮಾಕ್ಕೆ ಸಂಬಂಧಿಸದ, ಒಂದು ಆಲ್ಬಂಗೆ ಸಾಲುವಷ್ಟು ಹಾಡುಗಳನ್ನು ಎಲ್ವಿಸ್ ಮುದ್ರಿಸಿದ. ಅವು ಆಲ್ಬಂ ಆಗಿ ಬರಲೇ ಇಲ್ಲ. ಸಿನಿಮಾ ಆಲ್ಬಂಗಳಲ್ಲಿ ಉಳಿದ ಜಾಗ ತುಂಬುವುದಕ್ಕೆ ಬಿಡಿಬಿಡಿಯಾಗಿ ಹಂಚಿಹೋದವು.

ಇದೇ ಕಾಲದಲ್ಲಿ ಎಲ್ವಿಸ್ ಅಧ್ಯಾತ್ಮದ ಓದಿಗೆ ಬಿದ್ದ. 1964ರಲ್ಲಿ ಕ್ಷೌರಿಕನಾಗಿ ಬಂದ ಲ್ಯಾರಿ ಗೆಲ್ಲರ್ ತಂದುಕೊಟ್ಟ ಪುಸ್ತಕಗಳಲ್ಲಿ ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ಯೂ ಇತ್ತು. ಯೋಗಾನಂದರು ಸ್ಥಾಪಿಸಿದ ಸೆಲ್ಫ್ ರಿಯಲೈಸೇಶನ್ ಫೆಲೋಶಿಪ್‌ನ ಮುಖ್ಯಸ್ಥೆ ದಯಾಮಾತಾರನ್ನು ಎಲ್ವಿಸ್ ಕಂಡು ಬರುತ್ತಿದ್ದ. ಈ ಹುಡುಕಾಟಕ್ಕೆ ಸಿನಿಮಾದಲ್ಲಿ ಸಿಕ್ಕ ಜಾಗ ಇಷ್ಟೇ: 1967ರ ‘ಈಸಿ ಕಮ್, ಈಸಿ ಗೋ’ ಚಿತ್ರದಲ್ಲಿ ಯೋಗವನ್ನು ಗೇಲಿ ಮಾಡುವ ಹಾಡೊಂದನ್ನು ಆತನ ಬಾಯಲ್ಲೇ ಹಾಡಿಸಿದರು.

ಪಟ್ಟಿಯಿಂದ ಜಾರಿದ ಹೆಸರು

1964ರ ಫೆಬ್ರುವರಿ 9ರಂದು ಬ್ರಿಟನ್‌ನ ಬೀಟಲ್ಸ್ ತಂಡ ಅದೇ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಹಾಡಿತು. ನೋಡಿದವರು ಸುಮಾರು 7.3 ಕೋಟಿ. ಏಪ್ರಿಲ್‌ನ ಒಂದು ವಾರ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಸ್ಥಾನ ಅವರವೇ. ಎಲ್ವಿಸ್ ಕೇಳಿ ಬೆಳೆದ ಹುಡುಗರು ಅವರು. 1965ರ ಆಗಸ್ಟ್ 27ರ ರಾತ್ರಿ ಲಾಸ್ ಏಂಜಲಿಸ್‌ನಲ್ಲಿ ಆತನ ಮನೆಗೆ ಹೋಗಿ ಭೇಟಿಯೂ ಆದರು. ತಮ್ಮ ಹಾಡು ತಾವೇ ಬರೆಯುವುದು, ಆಲ್ಬಂ ಅನ್ನು ಒಂದು ಕೃತಿಯಾಗಿ ರೂಪಿಸುವುದು ಇವರಿಂದ, ಬಾಬ್ ಡಿಲನ್‌ನಿಂದ ರೂಢಿಯಾಗುತ್ತಿತ್ತು. ಆ ಅಳತೆಗೋಲಿನಲ್ಲಿ ವರ್ಷಕ್ಕೆ ಮೂರು ಸಿನಿಮಾ ಆಲ್ಬಂ ಕೊಡುವವನು ಹಿಂದಿನ ಕಾಲದವನಾಗಿ ಕಂಡ.

ಅಂಕಿಗಳು ಅದನ್ನೇ ಹೇಳುತ್ತವೆ. 1962ರ ‘ಗುಡ್ ಲಕ್ ಚಾರ್ಮ್’ ಬಳಿಕ ಏಳು ವರ್ಷ ಎಲ್ವಿಸ್‌ಗೆ ಅಮೆರಿಕದಲ್ಲಿ ಮೊದಲ ಸ್ಥಾನ ಸಿಗಲಿಲ್ಲ. 1965ರಲ್ಲಿ ಮೂರನೆಯ ಸ್ಥಾನಕ್ಕೇರಿದ ‘ಕ್ರೈಯಿಂಗ್ ಇನ್ ದ ಚಾಪೆಲ್’ ಹೊಸ ಹಾಡಾಗಿರಲಿಲ್ಲ. 1960ರಲ್ಲಿ ಮುದ್ರಿಸಿ ಬದಿಗಿಟ್ಟದ್ದು. ಅದಾದ ಮೇಲೆ 1969ರವರೆಗೆ ಮೊದಲ ಹತ್ತರೊಳಗೆ ಒಂದು ಹಾಡೂ ಬರಲಿಲ್ಲ. 20 ವಾರ ತುದಿಯಲ್ಲಿದ್ದ ‘ಬ್ಲೂ ಹವಾಯಿ’ ಎಲ್ಲಿ, 1968ರಲ್ಲಿ 82ನೆಯ ಸ್ಥಾನ ದಾಟದ ‘ಸ್ಪೀಡ್‌ವೇ’ ಆಲ್ಬಂ ಎಲ್ಲಿ! ಸಿನಿಮಾಗಳ ಗಳಿಕೆಯೂ ಇಳಿಯುತ್ತ ಬಂತು.

ಆದರೂ ಬೂದಿಯೊಳಗೆ ಕೆಂಡವಿತ್ತು. 1966ರ ಮೇ ತಿಂಗಳಲ್ಲಿ ಹೊಸ ನಿರ್ಮಾಪಕ ಫೆಲ್ಟನ್ ಜಾರ್ವಿಸ್ ಜೊತೆ ಎಲ್ವಿಸ್ ನ್ಯಾಶ್‌ವಿಲ್‌ನಲ್ಲಿ ಭಕ್ತಿಗೀತೆಗಳ ಆಲ್ಬಂ ಮಾಡಿದ. ಸಿನಿಮಾದ ಹಂಗಿಲ್ಲದ, ಬಾಲ್ಯದಿಂದ ಪ್ರೀತಿಸಿದ ಹಾಡುಗಳು. ‘ಹೌ ಗ್ರೇಟ್ ದೌ ಆರ್ಟ್’ ಎಂಬ ಆ ಆಲ್ಬಂ ಆತನಿಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ತಂದಿತು. 1967ರಲ್ಲಿ ಜೆರಿ ರೀಡ್‌ನ ‘ಗಿಟಾರ್ ಮ್ಯಾನ್’ ಹಾಡುವಾಗ ಮೂಲದ ಗಿಟಾರ್ ನಾದ ಬೇರೆಯವರ ಕೈಯಲ್ಲಿ ಬರಲಿಲ್ಲವೆಂದು ರೀಡ್‌ನನ್ನೇ ಸ್ಟುಡಿಯೊಗೆ ಕರೆಸಿದರು. ಹಾಡಿನ ಹಕ್ಕಿನಲ್ಲಿ ಪಾಲು ಕೇಳಿದಾಗ ಆತ ಒಪ್ಪಲಿಲ್ಲ. ಹಳೆಯ ಷರತ್ತು ಇನ್ನು ನಡೆಯುವುದಿಲ್ಲ ಎಂಬುದಕ್ಕೆ ಅದು ಮುನ್ಸೂಚನೆ. 1967ರ ಮೇ 1ರಂದು ಎಲ್ವಿಸ್ ಪ್ರಿಸಿಲ್ಲಾಳನ್ನು ಮದುವೆಯಾದ. 1968ರ ಫೆಬ್ರುವರಿ 1ರಂದು ಮಗಳು ಲೀಸಾ ಮೇರಿ ಹುಟ್ಟಿದಳು.

ಬರ್ಬ್ಯಾಂಕ್‌ನ ಜೂನ್ ತಿಂಗಳು

ಸಿನಿಮಾ ಕಂಪನಿಗಳ ಉತ್ಸಾಹ ತಗ್ಗಿದ್ದರಿಂದ ಪಾರ್ಕರ್ ಎನ್‌ಬಿಸಿ ಟಿ.ವಿ. ಜಾಲದ ಜೊತೆ ಒಪ್ಪಂದಕ್ಕೆ ಬಂದ. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಪ್ರಾಯೋಜಕ. ಎಲ್ವಿಸ್ ನಿಂತು ಒಂದು ಗಂಟೆ ಕ್ರಿಸ್‌ಮಸ್ ಗೀತೆ ಹಾಡಿ ಶುಭಾಶಯ ಹೇಳುವ ಕಾರ್ಯಕ್ರಮ ಪಾರ್ಕರ್‌ನ ಮನಸ್ಸಿನಲ್ಲಿತ್ತು. ನಿರ್ದೇಶನಕ್ಕೆ ಆರಿಸಿದ ಸ್ಟೀವ್ ಬಿಂಡರ್‌ಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ರಾಕ್ ಮತ್ತು ಸೋಲ್ ಗಾಯಕರನ್ನು ಒಂದೇ ವೇದಿಕೆಗೆ ತಂದ ‘ಟಿ.ಎ.ಎಂ.ಐ. ಶೋ’ (1964) ಮಾಡಿದ್ದ ಯುವಕ ಈತ. ನನ್ನ ಸಂಗೀತದ ಸ್ಥಿತಿ ಹೇಗಿದೆ ಎಂದು ಎಲ್ವಿಸ್ ಕೇಳಿದಾಗ ನೆಲಕಚ್ಚಿದೆ ಎಂದು ಮುಲಾಜಿಲ್ಲದೆ ಹೇಳಿದ್ದಾಗಿಯೂ, ಹಾಗೆ ಹೇಳಿದ್ದರಿಂದಲೇ ಇಬ್ಬರ ನಡುವೆ ನಂಬಿಕೆ ಬೆಳೆದದ್ದಾಗಿಯೂ ಬಿಂಡರ್ ಮುಂದೆ ನೆನೆದಿದ್ದಾನೆ. ಒಂದು ದಿನ ಎಲ್ವಿಸ್‌ನನ್ನು ಸನ್‌ಸೆಟ್ ಬುಲೆವಾರ್ಡ್ ರಸ್ತೆಯಲ್ಲಿ ನಿಲ್ಲಿಸಿದಾಗ ಹಾದುಹೋದವರು ಗಮನಿಸಲೂ ಇಲ್ಲ ಎಂಬುದೂ ಬಿಂಡರ್ ಹೇಳುವ ಮಾತು.

ತಾಲೀಮು ನಡೆಯುತ್ತಿದ್ದಾಗಲೇ, ಜೂನ್ 5ರಂದು, ಲಾಸ್ ಏಂಜಲಿಸ್‌ನಲ್ಲಿ ರಾಬರ್ಟ್ ಕೆನಡಿಗೆ ಗುಂಡೇಟು ಬಿತ್ತು. ಅದಕ್ಕೆ ಎರಡು ತಿಂಗಳು ಮೊದಲು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಎಲ್ವಿಸ್‌ನ ಊರು ಮೆಂಫಿಸ್‌ನಲ್ಲೇ. ಆತ ಈ ವಿಷಯಗಳನ್ನು ತಂಡದೊಡನೆ ಗಂಟೆಗಟ್ಟಲೆ ಮಾತಾಡಿದ. ಕಾರ್ಯಕ್ರಮ ಕ್ರಿಸ್‌ಮಸ್ ಹಾಡಿನಿಂದ ಮುಗಿಯಬಾರದು, ಈ ಮನುಷ್ಯನ ಒಳಗನ್ನು ತೋರಿಸುವ ಹಾಡು ಬೇಕು ಎಂದು ಬಿಂಡರ್ ಹಟ ಹಿಡಿದ. ಗಾಯನ ಸಂಯೋಜಕ ಅರ್ಲ್ ಬ್ರೌನ್ ‘ಇಫ್ ಐ ಕ್ಯಾನ್ ಡ್ರೀಮ್’ ಬರೆದುಕೊಟ್ಟ. ಪಾರ್ಕರ್ ವಿರೋಧಿಸಿದ. ಎಲ್ವಿಸ್ ಮತ್ತೆ ಮತ್ತೆ ಕೇಳಿ, ಇದನ್ನು ಹಾಡುತ್ತೇನೆ ಎಂದ. ವರ್ಷಗಳ ಬಳಿಕ ಒಂದು ದೊಡ್ಡ ತೀರ್ಮಾನವನ್ನು ಆತ ತಾನೇ ತೆಗೆದುಕೊಂಡಿದ್ದ.

ಕಾರ್ಯಕ್ರಮದ ಜೀವಾಳ ಹುಟ್ಟಿದ್ದು ವಿಶ್ರಾಂತಿ ಕೋಣೆಯಲ್ಲಿ. ದಿನದ ತಾಲೀಮು ಮುಗಿದ ಮೇಲೆ ಎಲ್ವಿಸ್ ಗೆಳೆಯರ ಜೊತೆ ಕೂತು ಹಳೆಯ ಹಾಡು ಹಾಡುತ್ತ, ನಗುತ್ತ, ಒಬ್ಬರನ್ನೊಬ್ಬರು ಕೆಣಕುತ್ತ ಹೊತ್ತು ಕಳೆಯುತ್ತಿದ್ದ. ಅಲ್ಲೇ ಕ್ಯಾಮೆರಾ ಇಡಬೇಕೆಂದು ಬಿಂಡರ್ ಕೇಳಿದ. ಪಾರ್ಕರ್ ಬಿಡಲಿಲ್ಲ, ಬೇಕಾದರೆ ಅದನ್ನೇ ವೇದಿಕೆಯ ಮೇಲೆ ಮಾಡಿಕೊಳ್ಳಿ ಎಂದ. 1950ರ ದಶಕದ ಸಂಗಾತಿಗಳಾದ ಸ್ಕಾಟಿ ಮೂರ್ ಮತ್ತು ಡ್ರಮ್ಮರ್ ಡಿ.ಜೆ. ಫಾಂಟಾನಾ ಬಂದರು. ಬಿಲ್ ಬ್ಲ್ಯಾಕ್ 1965ರಲ್ಲಿ ತೀರಿಕೊಂಡಿದ್ದ.

ಜೂನ್ 27ರಂದು ಬರ್ಬ್ಯಾಂಕ್‌ನ ಎನ್‌ಬಿಸಿ ಸ್ಟುಡಿಯೊದಲ್ಲಿ ಸಭಿಕರ ಎದುರು ಎರಡು ಪ್ರದರ್ಶನ ಚಿತ್ರೀಕರಣವಾದವು. ಬಾಕ್ಸಿಂಗ್ ಅಖಾಡದ ಹಾಗೆ ಚೌಕಾಕಾರದ ಚಿಕ್ಕ ವೇದಿಕೆ. ಸುತ್ತ ಕೈಗೆಟುಕುವಷ್ಟು ಹತ್ತಿರದಲ್ಲಿ ಜನ. ಬಿಲ್ ಬಿಲೂ ಹೊಲಿಸಿದ ಕಪ್ಪು ಚರ್ಮದ ಉಡುಪು ತೊಟ್ಟ ಎಲ್ವಿಸ್‌ಗೆ ಒಳಗೆ ಬರುವ ಮುನ್ನ ಭಯ ಹಿಡಿದಿತ್ತು, ಮಾಡಲಾರೆ ಎಂದುಬಿಟ್ಟಿದ್ದ. ಬಂದು ಕೂತ ಮೇಲೆ ಭಯ ಕರಗಿತು. ಸ್ಕಾಟಿಯ ಎಲೆಕ್ಟ್ರಿಕ್ ಗಿಟಾರ್ ತಾನೇ ಎತ್ತಿಕೊಂಡು ಒರಟಾಗಿ, ಬಿರುಸಾಗಿ ಬಾರಿಸಿದ. ಫಾಂಟಾನಾ ಡ್ರಮ್ ಬದಲು ಗಿಟಾರ್ ಪೆಟ್ಟಿಗೆಯ ಮೇಲೆ ತಾಳ ಹಾಕಿದ. ತನ್ನ ಹಳೆಯ ಭಂಗಿಗಳನ್ನು ಎಲ್ವಿಸ್ ತಾನೇ ಲೇವಡಿ ಮಾಡಿದ, ಮರುಕ್ಷಣ ಜಿಮ್ಮಿ ರೀಡ್‌ನ ಬ್ಲೂಸ್ ಒಂದನ್ನು ಎದೆ ಬಿರಿಯುವಂತೆ ಹಾಡಿದ. 29ರಂದು ವಾದ್ಯವೃಂದದ ಜೊತೆ ನಿಂತು ಹಾಡಿದ ಎರಡು ಪ್ರದರ್ಶನಗಳಾದವು. ಕಾರ್ಯಕ್ರಮದ ಕೊನೆಯಲ್ಲಿ ಬಿಳಿ ಸೂಟ್ ತೊಟ್ಟು ಹಾಡಿದ್ದು ‘ಇಫ್ ಐ ಕ್ಯಾನ್ ಡ್ರೀಮ್’.

1968ರ ಡಿಸೆಂಬರ್ 3ರಂದು ಪ್ರಸಾರವಾದ ಕಾರ್ಯಕ್ರಮ ಆ ಹೊತ್ತಿನ ಟಿ.ವಿ. ವೀಕ್ಷಕರಲ್ಲಿ ಶೇ 42ರಷ್ಟು ಜನರನ್ನು ಸೆಳೆಯಿತು. ‘ಇಫ್ ಐ ಕ್ಯಾನ್ ಡ್ರೀಮ್’ 12ನೆಯ ಸ್ಥಾನಕ್ಕೂ ಆಲ್ಬಂ 8ನೆಯ ಸ್ಥಾನಕ್ಕೂ ಏರಿದವು. ‘ಕಮ್‌ಬ್ಯಾಕ್ ಸ್ಪೆಷಲ್’ ಎಂಬ ಹೆಸರು ಜನ ಆಮೇಲೆ ಇಟ್ಟದ್ದು. ನಂಬಿಕೆಯಿಲ್ಲದ ಹಾಡು ಇನ್ನು ಹಾಡುವುದಿಲ್ಲ, ನಂಬಿಕೆಯಿಲ್ಲದ ಸಿನಿಮಾ ಮಾಡುವುದಿಲ್ಲ ಎಂದು ಎಲ್ವಿಸ್ ತನಗೆ ಹೇಳಿದ್ದಾಗಿ ಬಿಂಡರ್ ನೆನೆಸಿಕೊಂಡಿದ್ದಾನೆ.

ಮೆಂಫಿಸ್‌ನಲ್ಲಿ ಹೊಸ ಹಾಡು

ಟಿ.ವಿ. ಕಾರ್ಯಕ್ರಮದಲ್ಲಿ ಮಿಂಚಿದ್ದು ಬಹುಪಾಲು ಹಳೆಯ ಹಾಡುಗಳು. ಹಳೆಯದರ ಬಲದಲ್ಲಿ ಒಂದು ರಾತ್ರಿ ಗೆಲ್ಲಬಹುದು. ಗಾಯಕನಾಗಿ ಉಳಿಯಲು ಹೊಸ ಹಾಡು ಬೇಕು. 1969ರ ಜನವರಿ–ಫೆಬ್ರುವರಿಯಲ್ಲಿ ಎಲ್ವಿಸ್ ಮೆಂಫಿಸ್‌ನ ಅಮೆರಿಕನ್ ಸೌಂಡ್ ಸ್ಟುಡಿಯೊಗೆ ಹೋದ. ಸನ್ ಬಿಟ್ಟ ಮೇಲೆ ಊರಿನ ಸ್ಟುಡಿಯೊವೊಂದಕ್ಕೆ ಆತ ಕಾಲಿಟ್ಟದ್ದು ಅದೇ ಮೊದಲು. ಅದನ್ನು ನಡೆಸುತ್ತಿದ್ದವನು ಚಿಪ್ಸ್ ಮೋಮನ್. ಗಿಟಾರ್‌ನ ರೆಜಿ ಯಂಗ್ ಮೊದಲಾದವರಿದ್ದ ಅಲ್ಲಿನ ವಾದ್ಯಗಾರರ ತಂಡ ಆ ದಿನಗಳಲ್ಲಿ ಸಾಲುಸಾಲು ಹಿಟ್ ಹಾಡುಗಳಿಗೆ ನುಡಿಸುತ್ತಿತ್ತು.

ಎಲ್ವಿಸ್ ಹಾಡಿದ್ದೆಲ್ಲ ಚೆನ್ನ ಎನ್ನುವವರ ನಡುವೆ ಮೋಮನ್ ಬೇರೆ ಬಗೆಯವನು. ಶ್ರುತಿ ಜಾರಿದರೆ ಹೇಳುತ್ತಿದ್ದ, ಇನ್ನೊಮ್ಮೆ ಹಾಡಿಸುತ್ತಿದ್ದ. ಹಾಡಿನ ಹಕ್ಕಿನ ಜಗಳ ಇಲ್ಲೂ ಬಂತು. ‘ಸಸ್ಪಿಷಿಯಸ್ ಮೈಂಡ್ಸ್’ ಹಾಡಿನ ಹಕ್ಕು ಮೋಮನ್‌ನ ಬಳಿ ಇತ್ತು. ಎಲ್ವಿಸ್ ಕಡೆಯ ಪ್ರಕಾಶಕರು ಪಾಲು ಕೇಳಿದಾಗ, ಬೇಕಾದರೆ ಮುದ್ರಣವನ್ನೇ ನಿಲ್ಲಿಸಿ ಹೊರಡಿ ಎಂದ. ಆರ್‌ಸಿಎ ಅಧಿಕಾರಿ ಹ್ಯಾರಿ ಜೆಂಕಿನ್ಸ್ ಮೋಮನ್‌ನ ಪರ ನಿಂತ. ಐದು ವರ್ಷ ಒಳ್ಳೆಯ ಹಾಡುಗಳನ್ನು ಬಾಗಿಲಲ್ಲೇ ತಡೆದಿದ್ದ ಷರತ್ತು ಇಲ್ಲಿ ಮುರಿಯಿತು.

ಈ ಅವಧಿಯಲ್ಲಿ ಮೂವತ್ತಕ್ಕೂ ಹೆಚ್ಚು ಹಾಡುಗಳು ಮುದ್ರಣವಾದವು. ಮ್ಯಾಕ್ ಡೇವಿಸ್ ಬರೆದ ‘ಇನ್ ದ ಘೆಟ್ಟೊ’ ಶಿಕಾಗೊದ ಬಡಕೇರಿಯಲ್ಲಿ ಹುಟ್ಟಿದ ಮಗುವಿನ ಕಥೆ. ಇಂಥ ಸಾಮಾಜಿಕ ವಸ್ತು ಎಲ್ವಿಸ್‌ಗೆ ಹೊಸದು. ಹಾಡಲು ಆತ ಮೊದಲು ಹಿಂಜರಿದದ್ದೂ ಉಂಟು. ಅದು ಮೂರನೆಯ ಸ್ಥಾನ ತಲುಪಿತು. ಜೂನ್‌ನಲ್ಲಿ ‘ಫ್ರಮ್ ಎಲ್ವಿಸ್ ಇನ್ ಮೆಂಫಿಸ್’ ಆಲ್ಬಂ ಹೊರಬಂತು. ಆತನ ಅತ್ಯುತ್ತಮ ಕೃತಿಗಳಲ್ಲಿ ವಿಮರ್ಶಕರು ಇಂದಿಗೂ ಇದನ್ನು ಎಣಿಸುತ್ತಾರೆ. ಮಾರ್ಕ್ ಜೇಮ್ಸ್‌ನ ‘ಸಸ್ಪಿಷಿಯಸ್ ಮೈಂಡ್ಸ್’ ನವೆಂಬರ್ 1ರಂದು ಮೊದಲ ಸ್ಥಾನಕ್ಕೇರಿತು. ಹಾಡು ಮುಗಿಯಿತೇನೋ ಎಂಬಂತೆ ನಾದ ಕ್ಷೀಣಿಸಿ ಮತ್ತೆ ಏರಿಬರುವ ಅದರ ಅಂತ್ಯ ಫೆಲ್ಟನ್ ಜಾರ್ವಿಸ್ ಆಮೇಲೆ ಸೇರಿಸಿದ್ದು.

ಲಾಸ್ ವೇಗಸ್ ವೇದಿಕೆ

ಉಳಿದದ್ದು ಸಭಿಕರ ಎದುರಿನ ಪೂರ್ಣ ಕಚೇರಿ. ಲಾಸ್ ವೇಗಸ್‌ನಲ್ಲಿ ಕರ್ಕ್ ಕರ್ಕೋರಿಯನ್ ಕಟ್ಟಿಸಿದ ಇಂಟರ್‌ನ್ಯಾಷನಲ್ ಹೋಟೆಲ್‌ನ ರಂಗಮಂದಿರ ಸುಮಾರು 2,000 ಆಸನಗಳದು. 1969ರ ಜುಲೈ 2ರಂದು ಅದನ್ನು ಬಾರ್ಬ್ರಾ ಸ್ಟ್ರೈಸ್ಯಾಂಡ್ ಗಾಯನದಿಂದ ಆರಂಭಿಸಿದರು. ಹೊಸ ವೇದಿಕೆಯ ಕುಂದುಕೊರತೆಗಳು ಮೊದಲು ಬಂದವರ ಪಾಲಿಗಿರಲಿ ಎಂದು ಪಾರ್ಕರ್ ಎಲ್ವಿಸ್‌ನ ಸರದಿಯನ್ನು ಎರಡನೆಯದಾಗಿಸಿದ. 1956ರಲ್ಲಿ ಇದೇ ಊರಿನ ನ್ಯೂ ಫ್ರಾಂಟಿಯರ್ ಹೋಟೆಲ್‌ನಲ್ಲಿ ಹಾಡಿದಾಗ ನಡುವಯಸ್ಸಿನ ಪ್ರೇಕ್ಷಕರು ತಣ್ಣಗೆ ಕೂತಿದ್ದರು. ಆ ನೆನಪೂ ಎಲ್ವಿಸ್‌ಗೆ ಇತ್ತು.

ಈ ಸಲ ವಾದ್ಯಗಾರರನ್ನು ಎಲ್ವಿಸ್ ತಾನೇ ಆರಿಸಿದ: ಗಿಟಾರ್‌ಗೆ ಜೇಮ್ಸ್ ಬರ್ಟನ್, ಬಾಸ್‌ಗೆ ಜೆರಿ ಶೆಫ್, ಡ್ರಮ್‌ಗೆ ರಾನಿ ಟಟ್. ಹಿಮ್ಮೇಳಕ್ಕೆ ಕಪ್ಪು ಮಹಿಳೆಯರ ಸ್ವೀಟ್ ಇನ್‌ಸ್ಪಿರೇಶನ್ಸ್ ಮತ್ತು ಬಿಳಿಯ ಗಾಸ್ಪೆಲ್ ತಂಡ ಇಂಪೀರಿಯಲ್ಸ್. ಅವರ ಹಿಂದೆ ಹೋಟೆಲ್‌ನ ದೊಡ್ಡ ವಾದ್ಯವೃಂದ. ಬ್ಲೂಸ್, ಭಕ್ತಿಗೀತೆ, ಕಂಟ್ರಿ, ಪ್ರೇಮಗೀತೆ ಹೀಗೆ ತಾನು ಕೇಳಿ ಬೆಳೆದ ಸಂಗೀತವೆಲ್ಲ ಒಂದೇ ಕಚೇರಿಯಲ್ಲಿ ಸೇರಬೇಕೆಂಬುದು ಆತನ ಲೆಕ್ಕಾಚಾರ.

ಜುಲೈ 31ರಂದು ಆರಂಭವಾಗಿ ನಾಲ್ಕು ವಾರಗಳಲ್ಲಿ 57 ಪ್ರದರ್ಶನಗಳಾದವು. ಒಂದು ಲಕ್ಷಕ್ಕೂ ಹೆಚ್ಚು ಜನ ನೋಡಿದರು, ಸುಮಾರು 15 ಲಕ್ಷ ಡಾಲರ್ ಸಂಗ್ರಹವಾಯಿತು. ಮೊದಲ ದಿನದ ಪತ್ರಿಕಾಗೋಷ್ಠಿಯಲ್ಲಿ ಎಲ್ವಿಸ್ ತನ್ನ ಮೇಲೆ ಪ್ರಭಾವ ಬೀರಿದವನೆಂದು ಫ್ಯಾಟ್ಸ್ ಡೊಮಿನೊನನ್ನು ಕರೆದು ತೋರಿಸಿದ. 1970ರಲ್ಲಿ ಹ್ಯೂಸ್ಟನ್ ಆಸ್ಟ್ರೊಡೋಮ್, 1972ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿದವು. 1973ರ ಜನವರಿ 14ರಂದು ಹವಾಯಿಯಿಂದ ಉಪಗ್ರಹದ ಮೂಲಕ ಹಲವು ದೇಶಗಳಿಗೆ ಕಚೇರಿ ಪ್ರಸಾರವಾಯಿತು.

ಗೆಲುವಿನ ಮಿತಿ

ಗೆಲುವು ಬಂದಷ್ಟೇ ಬೇಗ ಹಳೆಯ ಬಗೆಯ ಒಪ್ಪಂದವೂ ಬಂತು. ಮೊದಲ ಪ್ರದರ್ಶನಗಳ ಯಶಸ್ಸು ಕಂಡ ಹೋಟೆಲ್ ಮುಖ್ಯಸ್ಥ ಅಲೆಕ್ಸ್ ಶೂಫಿ ಪಾರ್ಕರ್ ಜೊತೆ ಐದು ವರ್ಷದ ಕರಾರು ಮಾಡಿಕೊಂಡ. ವರ್ಷಕ್ಕೆ ಎಂಟು ವಾರ, 10 ಲಕ್ಷ ಡಾಲರ್. ಸಿನಿಮಾದ ಜಾಗಕ್ಕೆ ಈಗ ಹೋಟೆಲ್ ಬಂತು. 1976ರವರೆಗೆ ಅದೇ ವೇದಿಕೆಯ ಮೇಲೆ ಎಲ್ವಿಸ್ 600ಕ್ಕೂ ಹೆಚ್ಚು ಸಲ ಹಾಡಿದ, ಬಹುಪಾಲು ದಿನಕ್ಕೆ ಎರಡು ಪ್ರದರ್ಶನದಂತೆ. ಯುರೋಪ್, ಜಪಾನ್‌ಗಳಿಂದ ಕರೆ ಬಂದರೂ ಹೊರದೇಶದ ಪ್ರವಾಸ ಆಗಲೇ ಇಲ್ಲ. ದಾಖಲೆಗಳಿಲ್ಲದ ಪಾರ್ಕರ್‌ಗೆ ದೇಶ ಬಿಟ್ಟರೆ ಮರಳಿ ಬರಲಾರೆನೆಂಬ ಅಳುಕಿತ್ತು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಹಾಡಿನ ಆಯ್ಕೆಯ ವಿಷಯದಲ್ಲಿ ಎದುರಾಡಿದ ಬಿಂಡರ್ ಜೊತೆಗಾಗಲಿ ಮೋಮನ್ ಜೊತೆಗಾಗಲಿ ಎಲ್ವಿಸ್ ಮತ್ತೆ ಕೆಲಸ ಮಾಡಲಿಲ್ಲ.

1973ರಲ್ಲಿ ಹಿಂದಿನ ಎಲ್ಲ ಧ್ವನಿಮುದ್ರಣಗಳ ರಾಯಲ್ಟಿ ಹಕ್ಕನ್ನು 54 ಲಕ್ಷ ಡಾಲರ್‌ಗೆ ಆರ್‌ಸಿಎಗೆ ಬಿಟ್ಟುಕೊಡಲಾಯಿತು. ಅದೇ ಅಕ್ಟೋಬರ್‌ನಲ್ಲಿ ವಿಚ್ಛೇದನವಾಯಿತು. ವೈದ್ಯರು ಬರೆದುಕೊಡುತ್ತಿದ್ದ ಔಷಧಗಳ ಅವಲಂಬನೆ ಹೆಚ್ಚಿ ಆರೋಗ್ಯ ಕೆಟ್ಟಿತು. ಆದರೂ ಪ್ರವಾಸ ನಿಲ್ಲಲಿಲ್ಲ. 1977ರ ಜೂನ್ 26ರಂದು ಇಂಡಿಯಾನಾಪೊಲಿಸ್‌ನಲ್ಲಿ ಕೊನೆಯ ಕಚೇರಿ ನಡೆಯಿತು. ಆಗಸ್ಟ್ 16ರಂದು ಮೆಂಫಿಸ್‌ನ ಗ್ರೇಸ್‌ಲ್ಯಾಂಡ್ ಮನೆಯಲ್ಲಿ, 42ನೆಯ ವಯಸ್ಸಿನಲ್ಲಿ, ಎಲ್ವಿಸ್ ತೀರಿಕೊಂಡ.

ಎರಡನೆಯ ಇಳಿತ ಮೊದಲನೆಯದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಎರಡೂ ಸಲ ಒಂದು ಗೆದ್ದ ಸೂತ್ರವನ್ನು ಹಣ ಬತ್ತುವವರೆಗೆ ಹಿಂಡಲಾಯಿತು. ಎರಡೂ ಸಲ ಗಾಯಕ ಸುಲಭವಾಗಿ ಎದುರು ನಿಲ್ಲಲಿಲ್ಲ. 1968–69ರ ಹದಿನೆಂಟು ತಿಂಗಳು ಬೇರೆಯಾಗಿ ಕಾಣುವುದು ಆ ಅವಧಿಯಲ್ಲಿ ಆತ ಮೂರು ಕಡೆ ಮ್ಯಾನೇಜರ್‌ನ ಲೆಕ್ಕಾಚಾರದಾಚೆಗೆ ನಡೆದದ್ದರಿಂದ. ಬರ್ಬ್ಯಾಂಕ್‌ನಲ್ಲಿ ಕೊನೆಯ ಹಾಡನ್ನು ತಾನೇ ಒಪ್ಪಿದ, ಮೆಂಫಿಸ್‌ನಲ್ಲಿ ಹಕ್ಕಿನ ಹಂಗಿಲ್ಲದ ಹಾಡು ಹಾಡಿದ, ಲಾಸ್ ವೇಗಸ್‌ನಲ್ಲಿ ವಾದ್ಯಗಾರರನ್ನು ತಾನೇ ಆರಿಸಿದ. ಸಂಗೀತಗಾರರನ್ನು ಆಡಂಬರವಿಲ್ಲದೆ ಜನರ ನಡುವೆ ಕೂರಿಸಿ ಹಾಡಿಸುವ ಟಿ.ವಿ. ಕಾರ್ಯಕ್ರಮಗಳ ಮಾತು ಬಂದಾಗ, 1989ರಲ್ಲಿ ಶುರುವಾದ ‘ಎಂಟಿವಿ ಅನ್‌ಪ್ಲಗ್ಡ್’ ಸೇರಿದಂತೆ, ಆ ಚೌಕ ವೇದಿಕೆಯನ್ನೇ ಪೂರ್ವಜನೆಂದು ಹೆಸರಿಸುತ್ತಾರೆ. ತಮ್ಮದೇ ಹಳೆಯ ಹೆಸರಿನ ಭಾರಕ್ಕೆ ಸಿಕ್ಕಿಬಿದ್ದ ಗಾಯಕರು ಚಿಕ್ಕ ತಂಡ, ಆರಿಸಿದ ಹಾಡು, ಎದುರಿಗೆ ಜನ ಎಂಬ ಅದೇ ಮೂರನ್ನು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ.